ಆರು ಹಲ್ಲಿಗಳು ಮತ್ತು ಒಂದು ಡ್ರಮ್ ಸ್ಪಿರಿಟ್

ಹಲ್ಲಿಯ ಬಾಲವನ್ನು ನಂಬಬೇಡಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಅದು. ಬಾಲ ಒಮ್ಮೆ ಕಳಚಿ ಮತ್ತೆ ಬೆಳೆದಿರಬಹುದು. ಹಾಗೆ ಬೆಳೆದದ್ದು ಮೊದಲಿನಷ್ಟು ಉದ್ದ ಇರುವುದಿಲ್ಲ, ಅದರ ಮೇಲಿನ ಹುರುಪೆಗಳ ಸಾಲೂ ನೆಟ್ಟಗಿರುವುದಿಲ್ಲ. ಅದಕ್ಕೇ ಮೂತಿಯ ತುದಿಯಿಂದ ಬಾಲದ ಬುಡದಲ್ಲಿರುವ ಸೀಳಿನವರೆಗೆ ಮಾತ್ರ ಅಳೆದು, ಅಷ್ಟನ್ನೇ ಹಲ್ಲಿಯ ಉದ್ದ ಎನ್ನಬೇಕು. ಬಾಲಕ್ಕೆ ಬೇರೆ ಕಾಲಮ್ಮು.

ಕುವೈತಿನಲ್ಲಿ ನಾನು ಹತ್ತೊಂಬತ್ತು ವರ್ಷ ಮಾಡಿದ್ದು ಇದನ್ನೇ. ದಕ್ಷಿಣ ಅಮೆರಿಕದ ಬೆರಳುದ್ದದ ಹಲ್ಲಿಗಳನ್ನು ಮಸೂರದ ಕೆಳಗೆ ಮಲಗಿಸಿ, ಹುರುಪೆ ಎಣಿಸಿ, ಯಾವುದು ಯಾವ ಜಾತಿಯದು ಎಂದು ಬೇರ್ಪಡಿಸುವುದು. ರಜೆಯಲ್ಲಿ ಊರಿಗೆ ಬಂದಾಗ ಚರ್ಚಿನ ಎದುರು ಹೆಂಗಸರು ಹಿಡಿದು ನಿಲ್ಲಿಸುತ್ತಿದ್ದರು.

“ಫ್ಲೋರಿನ್, ನಿನಗೆ ಅಲ್ಲಿ ಎಂತ ಕೆಲಸ?”

“ಹಲ್ಲಿ ಎಣಿಸುದು.”

“ತಮಾಷೆ ಸಾಕು ಮಾರಾಯ್ತಿ. ಮನೆಯಾ, ಆಸ್ಪತ್ರೆಯಾ?”

ಆಸ್ಪತ್ರೆ ಎಂದುಬಿಡುತ್ತಿದ್ದೆ. ಪೂರ್ತಿ ಸುಳ್ಳೇನೂ ಅಲ್ಲ, ಸ್ಪಿರಿಟ್ಟಿನ ವಾಸನೆ ಎರಡೂ ಕಡೆ ಒಂದೇ.

ನಾನು ಓದಿದ್ದು ಏಳನೇ ಕ್ಲಾಸು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಕನ್ನಡ ಬಂದದ್ದು ಶಾಲೆಯಿಂದ. ಬಡ್ತಿಯ ಕತೆ ಇಲ್ಲಿ ಸಿಗುವುದಿಲ್ಲ, ನನಗೆ ಬಡ್ತಿ ಸಿಕ್ಕಿರಲಿಲ್ಲ. ಇರುವುದು ಕೆಲವು ಹಲ್ಲಿಗಳು ಮತ್ತು ಕೆಲವು ತಪ್ಪುಗಳು. ಅದರಲ್ಲಿ ಒಂದು ತಪ್ಪು ನಾನು ಮಾಡಿದ್ದು, ನನ್ನ ತಮ್ಮ ಗಿಲ್ಬರ್ಟ್ ಹತ್ತು ವರ್ಷ ಹೊತ್ತದ್ದು. ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ನಿಮ್ಮನ್ನು ನಗಿಸಬಹುದು. ಆದರೆ ಹಲ್ಲಿಗಳ ಕೋಣೆಯಲ್ಲಿ ಹೇಗೆ ಇರಬೇಕೆಂದು ನೀವು ಕಲಿಯುವುದಿಲ್ಲ.

ಕುವೈತಿನ ಯುದ್ಧ ಮುಗಿದು ಎರಡು ವರ್ಷದ ಮೇಲೆ ನಾನು ಅಲ್ಲಿಗೆ ಹೋದದ್ದು ಮನೆಗೆಲಸಕ್ಕೆ. ಡಾಕ್ಟರ್ ಹಬೀಬ್ ಎಂಬವರ ಮನೆ. ಅವರ ಅಪ್ಪ ಲೆಬನಾನಿನವರು, ಅವರು ಹುಟ್ಟಿ ಬೆಳೆದದ್ದು ಅರ್ಜೆಂಟೀನಾದಲ್ಲಿ. ಅಲ್ಲಿನ ಬೆಟ್ಟಗಳ ಸಣ್ಣ ಹಲ್ಲಿಗಳ ಬೆನ್ನು ಹತ್ತಿಯೇ ತಲೆ ನರೆಸಿಕೊಂಡವರು. ಪಾಠ ಹೇಳಲು ಕುವೈತಿಗೆ ಬರುವಾಗ ಹೆಂಡತಿಯ ಪೆಟ್ಟಿಗೆ ಎರಡು, ಹಲ್ಲಿಯ ಪೆಟ್ಟಿಗೆ ಹದಿನಾಲ್ಕು ತಂದಿದ್ದರಂತೆ. ಮೇಡಂ ಇದನ್ನು ಬಂದ ಅತಿಥಿಗಳಿಗೆಲ್ಲ ಹೇಳುತ್ತಿದ್ದರು. ಹಲ್ಲಿಗಳಿಗೆ, ಅವರು ಪಾಠ ಹೇಳುವ ಸಂಸ್ಥೆಯವರು ನೆಲಮಾಳಿಗೆಯಲ್ಲಿ ಒಂದು ಕೋಣೆ ಕೊಟ್ಟಿದ್ದರು.

ಒಂದು ದಿನ ಅಡುಗೆಮನೆಯಲ್ಲಿ ಮೇಡಮ್ಮಿನ ಜೊತೆ ಹರಟುತ್ತ ಖರ್ಜೂರವನ್ನು ಡಬ್ಬಿಗೆ ಹಾಕುತ್ತಿದ್ದೆ. ಡಾಕ್ಟರ್ ನೀರು ಕುಡಿಯಲು ಬಂದವರು ತಮಾಷೆಗೆ, ಎಷ್ಟಿವೆ ಎಂದು ಕೇಳಿದರು. ನೂರ ಎಪ್ಪತ್ತೈದು ಎಂದೆ. ಅವರು ಡಬ್ಬಿ ಸುರಿದು ಎಣಿಸಿದರು. ನೂರ ಎಪ್ಪತ್ತೈದೇ ಇತ್ತು.

ಇದರಲ್ಲಿ ಜಾಣತನ ಏನೂ ಇಲ್ಲ. ಹತ್ತನೇ ವಯಸ್ಸಿನಿಂದ ಬೀಡಿ ಕಟ್ಟಿದವಳು ನಾನು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಬಾಯಿ ಊರಿನ ಸುದ್ದಿ ಆಡುತ್ತಿದ್ದರೂ ಬೆರಳು ಇಪ್ಪತ್ತೈದಕ್ಕೆ ತಾನಾಗಿ ನಿಲ್ಲುತ್ತದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಒಂದು ಸಾಸರ್, ಅದರಲ್ಲಿ ಒಂದು ಹಲ್ಲಿ. ನಾನು ಬಾಣಲೆಯ ಕಡೆ ನೋಡಿ, “ಸಾರ್, ಇದು ಯಾರಿಗೆ?” ಎಂದು ಕೇಳಿದೆ. ಅರಬಿ, ಹಿಂದಿ, ಇಂಗ್ಲಿಷು ಕಲಸಿದ ಭಾಷೆ ನಮ್ಮದು. ಅವರು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಆಮೇಲೆ ಮಸೂರ ಕೈಗೆ ಕೊಟ್ಟು, “ಇದರ ನಡುವಿನ ಸುತ್ತ ಒಂದು ಸುತ್ತಿಗೆ ಎಷ್ಟು ಹುರುಪೆ? ಯಲ್ಲಾ, ಶುರು ಮಾಡು” ಎಂದರು. ಮೂರು ಸಲ ಎಣಿಸಿದೆ, ಮೂರು ಸಲವೂ ಒಂದೇ ಸಂಖ್ಯೆ ಬಂತು. ಮನೆಯ ವೀಸಾದಿಂದ ಸಂಸ್ಥೆಯ ಇಕಾಮಾಕ್ಕೆ, ಅಂದರೆ ವಾಸದ ಪರವಾನಗಿಗೆ, ಬದಲಾಗಲು ಎಂಟು ತಿಂಗಳು ಹಿಡಿಯಿತು. ಮೇಡಂ ಬಹಳ ಕಾಲ ನನ್ನ ಮೇಲಲ್ಲ, ಹಲ್ಲಿಗಳ ಮೇಲೆ ಸಿಟ್ಟಾಗಿದ್ದರು.

ಕೆಲಸದ ರೀತಿ ಹೇಳುತ್ತೇನೆ. ಎಣಿಸಲು ತೊಡಗುವ ಮೊದಲ ಹುರುಪೆಗೆ ಗುಂಡುಸೂಜಿ ತಾಗಿಸಿ ಇಡಬೇಕು, ಇಲ್ಲವಾದರೆ ಸುತ್ತು ಮುಗಿದದ್ದು ಗೊತ್ತಾಗದೆ ಎರಡನೇ ಸುತ್ತಿಗೆ ಹೊರಟುಬಿಡುತ್ತೀರಿ. ಬೆನ್ನಿನ ಹುರುಪೆ ನುಣುಪೋ, ನಡುವೆ ಎದ್ದ ಗೆರೆಯಂಥ ಏಣು ಇದೆಯೋ ನೋಡಬೇಕು. ಹಿಂಗಾಲಿನ ನಾಲ್ಕನೇ ಬೆರಳಿನ ಅಡಿಯ ಪಟ್ಟಿಗಳನ್ನು ಎಣಿಸಬೇಕು. ಗಂಡಾದರೆ ಬಾಲದ ಬುಡದ ಸೀಳಿನ ಮುಂದೆ ಸೂಜಿಮೊನೆಯಷ್ಟು ತೂತುಗಳ ಸಾಲು ಇರುತ್ತದೆ. ಮೂರು ತೂತಿನ ಹಲ್ಲಿಗೂ ಆರು ತೂತಿನ ಹಲ್ಲಿಗೂ ನಡುವೆ ಒಂದು ಇಡೀ ಪರ್ವತ ಇರಬಹುದು. ಊಟವಾದ ಕೂಡಲೇ ಎಣಿಸಬಾರದು. ಬಣ್ಣವನ್ನಂತೂ ನಂಬಲೇಬಾರದು. ಸ್ಪಿರಿಟ್ಟಿಗೆ ಬಿದ್ದ ಮೇಲೆ ಕೆಂಪು ಮಾಯ, ಹಸಿರು ನೀಲಿ. ನಾನು “ಹೊಟ್ಟೆ ನೀರು ಹೆಚ್ಚಾದ ಚಹಾದ ಬಣ್ಣ” ಎನ್ನುತ್ತಿದ್ದೆ, ಡಾಕ್ಟರ್ ಅದನ್ನು “ಮಾಸಲು ಕಂದು” ಎಂದು ಬರೆದುಕೊಳ್ಳುತ್ತಿದ್ದರು. ಎಷ್ಟೋ ಹಲ್ಲಿಗಳ ವರ್ಣನೆಯ ಕೆಳಗೆ ನನ್ನ ಚಹಾ ಇದೆ.

ನನ್ನ ಮೊದಲ ದೊಡ್ಡ ತಪ್ಪು ಮೂರನೇ ವರ್ಷ ನಡೆಯಿತು. ಬೆಟ್ಟದ ಮೇಲಿನ ಒಂದು ಹಳ್ಳಿಯಿಂದ ಬಂದ ಪಾರ್ಸೆಲ್ ಬಿಚ್ಚಿ ತಟ್ಟೆಯಲ್ಲಿ ಹರಡಿದ್ದೆ. ಪಟ್ಟಿಯಲ್ಲಿ ಹನ್ನೊಂದು, ತಟ್ಟೆಯಲ್ಲಿ ಹನ್ನೆರಡು. ಕಳಿಸಿದವರು ಎಣಿಸುವಾಗ ತಪ್ಪಿರಬೇಕೆಂದು ಹನ್ನೆರಡನೆಯದಕ್ಕೂ ಚೀಟಿ ಕಟ್ಟಿದೆ. ಅದನ್ನು ನೋಡಿದ ಡಾಕ್ಟರ್ ಎದ್ದು ನಿಂತರು. ಅದರ ಬೆರಳುಗಳ ಅಡಿ ಗೋಡೆಗೆ ಅಂಟುವಂಥ ಅಗಲ ಪಟ್ಟಿಗಳು. ಆ ಎತ್ತರದಲ್ಲಿ ಅಂಥ ಹಲ್ಲಿಯನ್ನು ಯಾರೂ ಕಂಡಿರಲಿಲ್ಲ. ಎರಡು ದಿನ ಅವರು ಮನೆಗೆ ಊಟಕ್ಕೂ ಹೋಗಲಿಲ್ಲ. ಅರ್ಜೆಂಟೀನಾದ ಗೆಳೆಯರೊಬ್ಬರಿಗೆ ನಾಲ್ಕು ಪುಟದ ಕಾಗದ ಬರೆದು ಅಂಚೆಗೂ ಹಾಕಿದರು. ಮೂರನೇ ದಿನ ಹೊಟ್ಟೆ ಕೊಯ್ದು ನೋಡಿದರೆ ಒಳಗೆ ಒಂದು ಅನ್ನದ ಅಗುಳು. ಉದ್ದ ಅಕ್ಕಿ, ಕೇಸರಿ ಬಣ್ಣ. ಹಿಂದಿನ ಗುರುವಾರ ಆಫೀಸಿನಲ್ಲಿ ಮಜ್‌ಬೂಸ್ ಊಟ ಆಗಿತ್ತು.

ಡಾಕ್ಟರ್ ಚಿಮ್ಮಟದಲ್ಲಿ ಅಗುಳನ್ನು ಎತ್ತಿ ಹಿಡಿದು, “ಫ್ಲೋರಾ, ಆ ಬೆಟ್ಟದಲ್ಲಿ ಮಜ್‌ಬೂಸ್ ಯಾರು ಮಾಡ್ತಾರೆ?” ಎಂದು ಮೆಲ್ಲಗೆ ಕೇಳಿದರು. ಅವರ ಬಾಯಲ್ಲಿ ಫ್ಲೋರಿನ್ ಯಾವತ್ತೂ ಫ್ಲೋರಾ.

ನಮ್ಮದೇ ಕೋಣೆಯ ಗೋಡೆಯ ಹಲ್ಲಿ ತಟ್ಟೆಗೆ ಬಿದ್ದು ಸತ್ತಿತ್ತು. ಕಾಗದ ವಾಪಸು ತರಿಸಲು ಆಗಲಿಲ್ಲ. ಗೆಳೆಯರ ಉತ್ತರದಲ್ಲಿ ಒಂದೇ ಸಾಲು ಇತ್ತು: ಅಡುಗೆಯವರನ್ನು ಸಹಲೇಖಕರಾಗಿ ಸೇರಿಸಿಕೊಳ್ಳಿ. ಡಾಕ್ಟರ್ ಅದನ್ನು ಗೋಡೆಗೆ ಅಂಟಿಸಿದರು. ಬಯ್ಯುವುದಕ್ಕಿಂತ ಅದು ಹೆಚ್ಚು ಕಚ್ಚಿತು.

ಕೆಲಸ ಹೆಚ್ಚಾದ ಮೇಲೆ, ಬಿ.ಎಸ್ಸಿ. ಮುಗಿಸಿ ಊರಲ್ಲಿ ಖಾಲಿ ಕೂತಿದ್ದ ತಮ್ಮನ ಹೆಸರು ನಾನೇ ಹೇಳಿದೆ. ಗಿಲ್ಲು ಬಂದ. ಅವನು ಟೆಕ್ನಿಷಿಯನ್, ನಾನು ಸಹಾಯಕಿ. ಎಣಿಸುವವಳು ನಾನು, ಇಂಗ್ಲಿಷಿನಲ್ಲಿ ಚೀಟಿ ಬರೆಯುವವನು ಅವನು. ನನ್ನ ಪುಸ್ತಕದಲ್ಲಿ ಅಂಕಿಗಳೆಲ್ಲ ಕನ್ನಡದವು. ಅದನ್ನು ನೋಡಿದಾಗೆಲ್ಲ ಅವನಿಗೆ ನಗು.

“ಅಕ್ಕಾ, ನಾಳೆ ನೀನು ಸತ್ರೆ ಈ ಹಲ್ಲಿಗಳನ್ನು ಓದುವವರು ಯಾರು?”

“ನೀನಿದ್ದಿ ಅಲ್ಲ.”

“ನನ್ನದು ಇಂಗ್ಲಿಷ್ ಮೀಡಿಯಂ.”

“ಹಾಗಾದ್ರೆ ನಾನು ಸಾಯುದಿಲ್ಲ.”

ಸ್ಪಿರಿಟ್ಟಿನ ಡ್ರಮ್ಮು, ಅದರ ಕೀಲಿ, ಅದರ ಪುಸ್ತಕ ಮೂರೂ ಗಿಲ್ಲುವಿನ ಕೈಯಲ್ಲಿ. ಇದು ಸಣ್ಣ ಹೊಣೆಯಲ್ಲ. ಆ ದೇಶದಲ್ಲಿ ಮದ್ಯಕ್ಕೆ ನಿಷೇಧ. ಹಲ್ಲಿಯ ಮೈ ಕೆಡದಂತೆ ಇಡಲು ಬೇಕಾದದ್ದೂ ಅದೇ ಸ್ಪಿರಿಟ್ಟು, ನೂರಕ್ಕೆ ಎಪ್ಪತ್ತು ಭಾಗ. ಒಂದು ಡ್ರಮ್ ತರಿಸಲು ಎಷ್ಟೋ ಮೇಜುಗಳ ಸಹಿ. ಬಂದರೆ ಮೂರು ವರ್ಷ ಅದರಲ್ಲೇ ಸುಧಾರಿಸಬೇಕು. ತೆಗೆದ ಪ್ರತಿ ಲೋಟಕ್ಕೂ ತಾರೀಕು, ಕಾರಣ, ಸಹಿ. ಗಿಲ್ಲು ಊಟಕ್ಕೆ ಹೋಗುವಾಗ ಕೀಲಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ. ಅಕ್ಕನ ಹತ್ತಿರ ಅಲ್ಲದೆ ಮತ್ತೆ ಯಾರ ಹತ್ತಿರ ಇಡುವುದು?

ಈಗ ಸೆವ್ರಿನ್ ಬಾಯಿಯ ವಿಷಯಕ್ಕೆ ಬರಬೇಕು. ಫರ್ವಾನಿಯಾ ಬಡಾವಣೆಯಲ್ಲಿ ನಾವು ಹೆಂಗಸರು ಸೇರಿ ಹಿಡಿದಿದ್ದ ಫ್ಲ್ಯಾಟಿನ ಮೇಲಿನ ಮಾಳಿಗೆಯಲ್ಲಿ ಅವರ ಸಂಸಾರ. ಆಸ್ಪತ್ರೆಯಲ್ಲಿ ನರ್ಸು, ಕಟ್ಟಡದಲ್ಲಿ ಕ್ರಿಸ್ಮಸ್ ಕೇಕಿನ ಅಧಿಕಾರಿ. ನಮ್ಮ ಕಡೆ ಕೇಕಿನ ಒಣದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆಗಳನ್ನು ಅಕ್ಟೋಬರಿನಲ್ಲೇ ರಮ್ಮಿನಲ್ಲಿ ನೆನೆ ಹಾಕುವುದು ವಾಡಿಕೆ. ಕುವೈತಿನಲ್ಲಿ ದ್ರಾಕ್ಷಿ ರಸದಲ್ಲಿ ನೆನೆಯುತ್ತಿತ್ತು. ಪ್ರತಿ ಕ್ರಿಸ್ಮಸ್ಸಿಗೂ ಎಲ್ಲರೂ ಕೇಕು ತಿಂದು “ಒಳ್ಳೇದುಂಟು” ಎನ್ನುತ್ತಿದ್ದರು, ಸತ್ತವರ ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ.

ಒಂದು ವರ್ಷ ಅಕ್ಟೋಬರಿನಲ್ಲಿ ಸೆವ್ರಿನ್ ಬಾಯಿ ನನ್ನನ್ನು ಮೆಟ್ಟಿಲಲ್ಲಿ ತಡೆದರು. ಊರಿನಿಂದ ಅವರ ಅತ್ತೆ ಬರುವವರಿದ್ದರು.

“ನಿನ್ನ ಹಲ್ಲಿಗಳು ವರ್ಷವಿಡೀ ಅದರಲ್ಲೇ ಮುಳುಗಿ ಮಲಗಿರ್ತವೆ. ನಮ್ಮ ದ್ರಾಕ್ಷಿ ಎಂತ ಪಾಪ ಮಾಡಿದ್ದು?”

“ಬೇಡ ಬಾಯಿ. ಅದು ಹಲ್ಲಿದು.”

“ಹಲ್ಲಿ ಬಿದ್ದದ್ದು ನನಗೂ ಬೇಡ. ಬೀಳದ್ದು ಇಲ್ವಾ?”

ಇತ್ತು. ಡ್ರಮ್ಮಿನಲ್ಲಿ.

ಮರುದಿನ ಊಟದ ಹೊತ್ತಿಗೆ ಶರಬತ್ತಿನ ಬಾಟಲಿಯಲ್ಲಿ ಅರ್ಧ ಲೀಟರ್ ತುಂಬಿಕೊಂಡೆ. ಅಷ್ಟೇ ನೀರನ್ನು ಡ್ರಮ್ಮಿಗೆ ಸುರಿದೆ. ಕಳ್ಳತನ ಮಾಡಿದೆ ಎಂದು ಅನಿಸಲಿಲ್ಲ, ಕೀಟಲೆ ಮಾಡಿದ ಹಾಗೆ ಮೈ ಜುಮ್ಮೆಂದಿತು. ಕ್ರಿಸ್ಮಸ್ಸಿನ ದಿನ ಅತ್ತೆ ಮೂರನೇ ತುಂಡಿಗೆ ಕೈ ಹಾಕಿ ಸೊಸೆಯನ್ನು ಹೊಗಳಿದರು. ಆ ಕಟ್ಟಡದಲ್ಲಿ ಅದು ದೊಡ್ಡ ಸುದ್ದಿ. ಗಿಲ್ಲುವೂ ಬಂದಿದ್ದ.

“ಈ ಸಲ ಎಂತ ಹಾಕಿದ್ದು ಸೆವ್ರಿನ್ ಬಾಯಿ?”

“ಪ್ರಾರ್ಥನೆ ಹಾಕಿದ್ದು, ಮಗಾ.”

ಮರುವರ್ಷ ಎರಡು ಫ್ಲ್ಯಾಟು ಪ್ರಾರ್ಥನೆ ಕೇಳಿದವು. ಮೂರನೇ ವರ್ಷ ಏಳು. ಡ್ರಮ್ಮಿನಲ್ಲಿ ಸ್ಪಿರಿಟ್ಟು ಇಳಿಯುತ್ತ ಬಂದಿತ್ತು, ನಾನು ಸುರಿಯುವ ನೀರು ಏರುತ್ತ ಬಂದಿತ್ತು. ಎಣಿಕೆಯಲ್ಲಿ ಎಂದೂ ತಪ್ಪದವಳು ಆ ಲೆಕ್ಕವನ್ನು ಹಾಕಲೇ ಇಲ್ಲ. ಆ ನೀರು ಬೆರೆತದ್ದನ್ನೇ ಒಳ್ಳೆಯ ಸ್ಪಿರಿಟ್ಟು ಎಂದು ನಂಬಿ, ಗಿಲ್ಲು ಅದಕ್ಕೆ ಸೂತ್ರದ ಪ್ರಕಾರ ಇನ್ನಷ್ಟು ನೀರು ಸೇರಿಸಿ, ಆ ವರ್ಷ ಕೋಣೆಯ ಕೆಲವು ಜಾಡಿಗಳಿಗೆ ಹೊಸದಾಗಿ ತುಂಬಿದ.

ಆ ಜಾಡಿಗಳಲ್ಲಿ ಒಂದರಲ್ಲಿ ಐದು ಹಲ್ಲಿಗಳಿದ್ದವು. ಆರನೆಯದು ಪಕ್ಕದ ಸಣ್ಣ ಸೀಸೆಯಲ್ಲಿ, ಹಳೆಯ ಸ್ಪಿರಿಟ್ಟಿನಲ್ಲಿ. ಆರೂ ಒಂದೇ ಬೆಟ್ಟದಿಂದ ಡಾಕ್ಟರ್ ತಾವೇ ಹಿಡಿದು ತಂದವು. ಹೊಸ ಜಾತಿ ಎಂಬ ಗುಮಾನಿ ಅವರಿಗೆ ಮೊದಲಿನಿಂದ ಇತ್ತು. ನಾನು ಹಿಂದೆಯೇ ಆರನ್ನೂ ಎಣಿಸಿ ಬರೆದಿಟ್ಟಿದ್ದೆ. ಹತ್ತಿರದ ಜಾತಿಗಿಂತ ನಡುವಿನ ಸುತ್ತ ಹುರುಪೆ ಕಡಿಮೆ, ತೂತು ಹೆಚ್ಚು. ಆದರೆ ಹೊಸದು ಎಂದು ಹೇಳುವ ಮೊದಲು ಹಳೆಯವನ್ನೆಲ್ಲ ಹೋಲಿಸಬೇಕು. ಬೇರೆ ದೇಶಗಳ ಸಂಗ್ರಹಗಳಿಂದ ಹಲ್ಲಿಗಳನ್ನು ಎರವಲು ತರಿಸಿ ನೋಡುವುದರಲ್ಲೇ ವರ್ಷಗಳು ಕಳೆದಿದ್ದವು. ಕಡೆಗೆ, ಬೇಸಿಗೆಯಲ್ಲಿ ಏ.ಸಿ. ಒಂದು ವಾರ ಕೆಟ್ಟು ಸರಿಯಾದ ಮೇಲೆ, ಒಂದು ಬೆಳಿಗ್ಗೆ ಡಾಕ್ಟರ್ “ಫ್ಲೋರಾ, ಇವತ್ತು ಬರೆದುಬಿಡೋಣ. ಕೊನೆಯ ಸಲ ಎಣಿಸು” ಎಂದರು.

ಜಾಡಿಯಿಂದ ದೊಡ್ಡ ಗಂಡನ್ನು ಚಿಮ್ಮಟದಲ್ಲಿ ಎತ್ತಿದೆ. ಕಾಯಿಸಿದ ಹಾಲಿನ ಕೆನೆಯಂತೆ ಚರ್ಮ ಚಿಮ್ಮಟಕ್ಕೆ ಬಂತು, ಹಲ್ಲಿ ಕೆಳಗೇ ಉಳಿಯಿತು. ಐದೂ ಹಾಗೇ. ಎಣಿಸಲು ಹುರುಪೆಯೇ ಇರಲಿಲ್ಲ.

ಡಾಕ್ಟರ್ ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, “ಆ ಬೆಟ್ಟಕ್ಕೆ ಗಣಿ ಬಂದಿದೆ. ಮತ್ತೆ ಹೋಗಿ ಹಿಡಿಯೋಣ ಅಂದ್ರೆ ಬೆಟ್ಟ ಇಲ್ಲ” ಎಂದರು.

ಆಮೇಲೆ ಡ್ರಮ್ಮಿನಿಂದ ಒಂದು ಉದ್ದ ಗ್ಲಾಸಿಗೆ ಸ್ಪಿರಿಟ್ಟು ತೆಗೆದು, ಅದರ ಬಲ ಅಳೆಯುವ ಗಾಜಿನ ಕಡ್ಡಿಯನ್ನು ಬಿಟ್ಟರು. ಮುಳುಗಬೇಕಾದದ್ದು ತೇಲಿ ನಿಂತಿತು. ಗಿಲ್ಲುವಿನ ಮುಖದಲ್ಲಿ ರಕ್ತ ಇರಲಿಲ್ಲ. ನನ್ನ ಮುಖ ಹೇಗಿತ್ತೋ ನೋಡಿದವರಿಲ್ಲ.

“ಎರಡೇ ದಾರಿ” ಎಂದರು ಡಾಕ್ಟರ್. “ಮುಚ್ಚಳ ಸಡಿಲ ಇದ್ದರೆ ಸ್ಪಿರಿಟ್ ಮೊದಲು ಹಾರಿ ಹೋಗುತ್ತದೆ, ನೀರು ಉಳಿಯುತ್ತದೆ. ಹಾಗಾದರೆ ಡ್ರಮ್ಮಿನ ಮಟ್ಟ ಪುಸ್ತಕದಲ್ಲಿ ಇರುವುದಕ್ಕಿಂತ ಕೆಳಗಿರಬೇಕು. ಮಟ್ಟ ಸರಿಯಾಗಿದ್ದರೆ ಯಾರೋ ಕದ್ದು ನೀರು ಹಾಕಿದ್ದಾರೆ. ನಾಳೆ ಮ್ಯಾನೇಜರ್ ಎದುರಿಗೆ ಅಳೆಯೋಣ.”

ಮಟ್ಟ ಸರಿಯಾಗಿಯೇ ಇತ್ತು. ಸರಿ ಇರುವಂತೆ ನಾನೇ ನೋಡಿಕೊಂಡಿದ್ದೆ.

ಆ ದಿನವೂ ಗಿಲ್ಲು ಊಟಕ್ಕೆ ಹೋಗುವಾಗ ಕೀಲಿಯನ್ನು ನನ್ನ ಮೇಜಿನ ಮೇಲೆ ಇಟ್ಟ. ನಾನು ಡ್ರಮ್ಮು ತೆರೆದು ಆರು ಲೀಟರ್ ಬೇಸಿನ್ನಿಗೆ ಚೆಲ್ಲಿದೆ. ನಲ್ಲಿ ಬಿಟ್ಟು ವಾಸನೆ ತೊಳೆದೆ. ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಮಾಡಿ ಇಟ್ಟೆ. ಮದ್ಯ ಕದ್ದದ್ದು ಎಂದಾದರೆ ಪೊಲೀಸು ಬರುತ್ತದೆ, ಕೀಲಿ ಇರುವವನನ್ನೇ ಹಿಡಿಯುತ್ತದೆ. ಮುಚ್ಚಳ ಸಡಿಲ ಎಂದಾದರೆ ಬೈಗುಳದಲ್ಲಿ ಮುಗಿಯುತ್ತದೆ. ಹಾಗೆ ಯೋಚಿಸಿ, ತಮ್ಮನನ್ನು ಉಳಿಸುತ್ತಿದ್ದೇನೆ ಎಂದುಕೊಂಡೆ. ಅವನನ್ನು ಉಳಿಸಲು ‘ನಾನು’ ಎಂಬ ಒಂದು ಮಾತು ಸಾಕಿತ್ತು. ಅದು ಮಾತ್ರ ಆ ಯೋಚನೆಯಲ್ಲಿ ಎಲ್ಲೂ ಬರಲಿಲ್ಲ.

ಮರುದಿನ ಮ್ಯಾನೇಜರ್ ಬಂದರು. ಹಲ್ಲಿ ಎಂದರೆ ಹೇಸುವ ಮನುಷ್ಯ, ಮೂಗಿಗೆ ಕರವಸ್ತ್ರ. ಅಳತೆ ಕೋಲು ಇಳಿಸಿದರು. ಮಟ್ಟ ಕೆಳಗಿತ್ತು.

“ಮುಚ್ಚಳ ಯಾರ ಜವಾಬ್ದಾರಿ?”

“ನಂದು ಸಾರ್” ಎಂದ ಗಿಲ್ಲು.

“ಸಡಿಲ ಬಿಟ್ಟಿದ್ದೆಯಾ?”

ಗಿಲ್ಲು ಬಹಳ ಹೊತ್ತು ಯೋಚಿಸಿದ. ಕೇಳಿದ ಪ್ರಶ್ನೆಗೆ ನಿಜವಾಗಿ ಯೋಚಿಸುವ ಜಾತಿ ಅವನದು. “ಬಿಟ್ಟಿರ್ಬೇಕು ಸಾರ್. ಏ.ಸಿ. ಕೆಟ್ಟ ವಾರ ನನಗೆ ತಲೆನೋವಿತ್ತು. ಬಿಟ್ಟಿರ್ಬೇಕು” ಎಂದ. ನನ್ನ ಕಣ್ಣೆದುರೇ ನಡೆಯದೆ ಇದ್ದದ್ದು ಅವನಿಗೆ ನೆನಪಾಯಿತು.

“ಖಲಾಸ್” ಎಂದು ಮ್ಯಾನೇಜರ್ ಮೆಟ್ಟಿಲು ಹತ್ತಿದರು.

ಬೈಗುಳದಲ್ಲಿ ಮುಗಿಯಲಿಲ್ಲ. ವೀಸಾ ಕ್ಯಾನ್ಸಲ್ ಆಯಿತು. ವಿಮಾನ ನಿಲ್ದಾಣದಲ್ಲಿ ಗಿಲ್ಲು ನನ್ನ ಕೈ ಹಿಡಿದುಕೊಂಡು ಹೇಳಿದ, “ನಿನ್ನ ಹೆಸರಿಗೂ ಮಸಿ ಹಚ್ಚಿದೆ ಅಕ್ಕಾ. ನೀನು ಕರ್ಸಿದ್ದು ನನ್ನನ್ನು.”

“ಹೋಗ್ಲಿ ಬಿಡು” ಎಂದೆ. ನಾನು ಅವನನ್ನು ಕ್ಷಮಿಸಿದೆ, ನೋಡಿ.

ಹೆದರಿಕೆಯಿಂದ ಬಾಯಿ ಮುಚ್ಚಿದೆ ಎಂದು ಬರೆದರೆ ನೀವು ನಂಬುತ್ತೀರಿ. ಹೆದರಿಕೆ ಒಂದು ತಿಂಗಳು ಇತ್ತು. ಆಮೇಲೆ ಹತ್ತು ವರ್ಷ ನನ್ನ ಬಾಯಿ ಮುಚ್ಚಿಸಿದ್ದು ಮಸೂರದ ಮುಂದಿನ ನನ್ನ ಕುರ್ಚಿ. ಅದರಲ್ಲಿ ಕೂತರೆ, ಬೇರೆ ದೇಶದಿಂದ ಬಂದ ಪ್ರೊಫೆಸರುಗಳು ಏಳನೇ ಕ್ಲಾಸಿನವಳ ಹಿಂದೆ ನಿಂತು, ಎಷ್ಟು ಬಂತು ಎಂದು ಕೇಳುತ್ತಿದ್ದರು. ಅದನ್ನು ಬಿಟ್ಟು ಮತ್ತೆ ನೆಲ ಒರೆಸಲು ನನ್ನಿಂದ ಆಗುತ್ತಿರಲಿಲ್ಲ.

ಮುಂದಿನ ಅಕ್ಟೋಬರಿನಲ್ಲಿ ಸೆವ್ರಿನ್ ಬಾಯಿ ಖಾಲಿ ಬಾಟಲಿ ಹಿಡಿದು ಬಂದರು. ಡ್ರಮ್ಮಿಗೆ ಎರಡು ಬೀಗ ಬಿದ್ದಿದೆ ಎಂದೆ. ಅದ್ಯಾಕೆ ಎಂದು ಅವರು ಕೇಳಲಿಲ್ಲ. ಆ ವರ್ಷದ ಕೇಕು ಒಳ್ಳೇದುಂಟು ಎಂದು ಎಲ್ಲರೂ ಹೇಳಿದರು.

ಹಲ್ಲಿಯ ವರ್ಣನೆ ಎರಡು ವರ್ಷ ತಡವಾಗಿ ಅಚ್ಚಾಯಿತು. ಸೀಸೆಯಲ್ಲಿ ಉಳಿದ ಆರನೆಯದು, ಮತ್ತು ನನ್ನ ಪುಸ್ತಕದ ಕನ್ನಡ ಅಂಕಿಗಳು, ಇವೇ ಆಧಾರ. ಕೆಟ್ಟ ಐದರ ಲೆಕ್ಕ ಆ ಪುಸ್ತಕದಲ್ಲಿ ಮಾತ್ರ ಇತ್ತು. ಹೊಸ ಜಾತಿಗೆ ಹೆಸರಿಡುವುದು ವರ್ಣಿಸಿದವರ ಹಕ್ಕು. ಡಾಕ್ಟರ್ ನನ್ನನ್ನು ಕರೆದು, “ನಿನ್ನ ಹೆಸರಿಡುತ್ತೇನೆ. ನೀನಿಲ್ಲದಿದ್ದರೆ ಈ ಹಲ್ಲಿಯೇ ಇಲ್ಲ” ಎಂದರು.

“ಬೇಡ ಸಾರ್.”

“ಯಾಕೆ?”

“ನಮ್ಮೂರಲ್ಲಿ ಹಲ್ಲಿಗೆ ನನ್ನ ಹೆಸರು ಅಂತ ಗೊತ್ತಾದ್ರೆ, ಜಗಳ ಆದಾಗ ಜನರಿಗೆ ಅನುಕೂಲ ಆಗ್ತದೆ.”

ಅವರು ನಕ್ಕರು. ಇಷ್ಟು ವರ್ಷಗಳಲ್ಲಿ ಹೆಸರು ಬೇಡ ಎಂದವಳು ನೀನೊಬ್ಬಳೇ ಎಂದರು. ಆ ಬೆಟ್ಟದ ಹೆಸರನ್ನೇ ಇಟ್ಟರು. ಲೇಖನದ ಕೊನೆಯಲ್ಲಿ ನನ್ನ ವಿನಯಕ್ಕೆ ಒಂದು ಸಾಲು ಹೊಗಳಿಕೆ ಬರೆದರು. ಗಿಲ್ಲು ಆ ಸಾಲನ್ನು ಊರಿನಲ್ಲಿ ಎಲ್ಲರಿಗೂ ಓದಿ ಹೇಳಿದನಂತೆ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಸೂಕ್ಷ್ಮದರ್ಶಕದ ಮೇಲೆ ಕ್ಯಾಮೆರಾ ಕೂತಿತು, ಪರದೆಯ ಮೇಲೆ ಚುಕ್ಕೆ ಇಟ್ಟು ಎಣಿಸುವುದು ಬಂತು. ಸ್ಪಿರಿಟ್ಟಿಗೆ ಹಾಕುವ ಮೊದಲು ಯಕೃತ್ತಿನ ಚೂರು ತೆಗೆದು ಡಿ.ಎನ್.ಎ. ನೋಡಲು ಕಳಿಸುವುದು ಬಂತು. ನಾನು ಎರಡು ಎಂದು ಬೇರೆ ಮಾಡಿದ್ದನ್ನು ಅದು ಒಂದು ಎಂದು ಸೇರಿಸಿತು, ನಾನು ಒಂದು ಎಂದದ್ದನ್ನು ಮೂರು ಮಾಡಿತು. ಬೇಸರ ಮಾಡಿಕೊಳ್ಳಬೇಡಿ. ಪರದೆಯ ಚುಕ್ಕೆಯನ್ನೂ ಯಾರೋ ಕೂತು ಇಡಲೇಬೇಕು. ಡಾಕ್ಟರ್ ಅರ್ಜೆಂಟೀನಾಕ್ಕೆ ಮರಳಿದರು, ಅಲ್ಲೇ ತೀರಿಕೊಂಡರು. ನಾನು ನಿಜ ಹೇಳಬೇಕಾಗಿದ್ದ ಇಬ್ಬರಲ್ಲಿ ಒಬ್ಬರು ಹಾಗೆ ಹೋದರು.

ಕೆಲಸ ಬಿಟ್ಟು ಊರಿಗೆ ಬಂದಾಗ ಗಿಲ್ಲು ಪಿಯು ಕಾಲೇಜೊಂದರ ಜೀವಶಾಸ್ತ್ರ ಲ್ಯಾಬಿನಲ್ಲಿದ್ದ. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಅವನು ಹೇಳುವ ಮೊದಲ ಪಾಠ ತನ್ನದೇ ಕತೆ ಎಂದು ಅವನ ಹೆಂಡತಿ ಹೇಳಿದಳು. ಒಂದು ಮುಚ್ಚಳ ಸಡಿಲ ಬಿಟ್ಟು, ಭೂಮಿಯ ಮೇಲೆ ಬೇರೆ ಎಲ್ಲೂ ಸಿಗದ ಐದು ಹಲ್ಲಿಗಳನ್ನು ಹಾಳು ಮಾಡಿದವನು ನಾನು ಎಂದು. “ಮಕ್ಕಳು ಇವರಿಗೆ ಮುಚ್ಚಳ ಸಾರ್ ಅಂತ್ಲೇ ಕರೀತಾರೆ” ಎಂದು ಅವಳು ನಕ್ಕಳು. ಗಿಲ್ಲುವೂ ನಕ್ಕ.

ಅವಳು ಒಳಗೆ ಹೋದ ಮೇಲೆ ಹೇಳಿಬಿಟ್ಟೆ. ಅವನು ಮೊದಲು ನಂಬಲಿಲ್ಲ. ಆಮೇಲೆ ಟೆಕ್ನಿಷಿಯನ್ನನ ಹಾಗೆ ಒಂದೊಂದಾಗಿ ಕೇಳಿದ.

“ಮಟ್ಟ ಇಳಿದಿತ್ತಲ್ಲ?”

“ನಾನು ಚೆಲ್ಲಿದ್ದು.”

“ಎಷ್ಟು?”

“ಆರು ಲೀಟರ್.”

“ಮುಚ್ಚಳ?”

“ಸಡಿಲ ಮಾಡಿದ್ದೂ ನಾನೇ.”

“ಹಾಗಾದ್ರೆ ನಾನು ಬಿಗಿ ಹಾಕಿದ್ದೆನಾ?”

“ಬಿಗಿ ಹಾಕಿದ್ದಿ, ಗಿಲ್ಲು.”

ಅವನು ಎದ್ದು ಅಂಗಳಕ್ಕೆ ಹೋದ. ನಾನು ಹೊರಟಾಗಲೂ ತಿರುಗಿ ನೋಡಲಿಲ್ಲ. ಎರಡು ತಿಂಗಳು ಫೋನ್ ಎತ್ತಲಿಲ್ಲ. ಜೂನ್‌ನಲ್ಲಿ ಅವನೇ ಮಾಡಿದ. “ಸೋಮವಾರ ಕಾಲೇಜಿಗೆ ಬಾ. ಹೊಸ ಮಕ್ಕಳು ಬಂದಿದ್ದಾರೆ. ಈ ವರ್ಷ ಕತೆ ನೀನು ಹೇಳು.”

ಹೋದೆ. ಲ್ಯಾಬಿನಲ್ಲಿ ಮೂವತ್ತು ನಲವತ್ತು ಮಕ್ಕಳು, ಮೇಜಿನ ಮೇಲೆ ಕಪ್ಪೆಯ ಜಾಡಿಗಳು. ಗಿಲ್ಲು ನನ್ನನ್ನು ಅಕ್ಕ ಎಂದು ಪರಿಚಯಿಸಿ ಕಿಟಕಿಯ ಹತ್ತಿರ ನಿಂತ. ಡ್ರಮ್ಮು, ಕೇಕು, ನೀರು, ಬೇಸಿನ್ನು, ಎಲ್ಲ ಹೇಳಿದೆ. ಪ್ರಾರ್ಥನೆಯ ಮಾತು ಬಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ವಿಮಾನ ನಿಲ್ದಾಣದ ಮಾತನ್ನೂ ಹೇಳಿದೆ. ಮುಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತಳು.

“ಹಾಗಾದ್ರೆ ಸಾರ್‌ದು ಏನೂ ತಪ್ಪು ಇರ್ಲಿಲ್ವಾ ಮೇಡಂ?”

“ಇರ್ಲಿಲ್ಲ” ಎಂದೆ. “ಒಂದು ಚೂರೂ ಇರ್ಲಿಲ್ಲ.”

“ಇತ್ತು” ಎಂದ ಗಿಲ್ಲು ಕಿಟಕಿಯ ಹತ್ತಿರದಿಂದ. ಮಕ್ಕಳೆಲ್ಲ ಆ ಕಡೆ ತಿರುಗಿದರು. ಅವನು ನನ್ನನ್ನು ನೋಡಲಿಲ್ಲ, ಬೋರ್ಡಿನ ಹತ್ತಿರ ಬಂದು ಸೀಮೆಸುಣ್ಣ ಎತ್ತಿಕೊಂಡ.

“ಸ್ಪಿರಿಟ್ ಇಟ್ಟುಕೊಂಡವ ವಾರಕ್ಕೊಮ್ಮೆ ಅದರ ಬಲ ಅಳೀಬೇಕು. ಮೂರು ವರ್ಷ ನಾನು ಒಂದು ಸಲವೂ ಅಳೀಲಿಲ್ಲ. ಕೋಣೆಯಲ್ಲಿ ಅಕ್ಕ ಇದ್ದಾಳಲ್ಲ ಅಂತ. ಬರ್ಕೊಳ್ಳಿ.”

ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು.